ಕೈಪಟ್ಟಿಯ ವಿಷಲ್

ನನ್ನ ಗಂಡ ಜಯಪ್ರಕಾಶ್ ಕೆರಗೋಡಿನ ಗದ್ದೆ ಬಯಲಿನಲ್ಲಿ ಹುಟ್ಟಿ ಬೆಳೆದವರು. ಅವರು ಕಂಡ ಕಾಡು ಎಂದರೆ ಆಳೆತ್ತರದ ಕಬ್ಬು, ಅಷ್ಟೇ. ಆದರೂ ಕಾಡಿನಲ್ಲಿ ದಾರಿ ತಪ್ಪಿದರೆ ಜೀವ ಉಳಿಸಿಕೊಂಡು ಬರುವುದಕ್ಕೆ ಮಂಡ್ಯದಲ್ಲಿ ಅವರಷ್ಟು ಸಿದ್ಧರಾಗಿದ್ದವರು ಇನ್ನೊಬ್ಬರಿರಲಿಲ್ಲ. ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ಅಂಗಡಿ ಅವರದು. ದಿನವಿಡೀ ನಟ್ಟು ಬೋಲ್ಟುಗಳ ನಡುವೆ ಕೂತವರಿಗೆ ಸಂಜೆ ಮನೆಗೆ ಬಂದಮೇಲೂ ಕೈಗೆ ಏನಾದರೂ ಕಬ್ಬಿಣ ಬೇಕು. ಮೊಬೈಲಿನಲ್ಲಿ ಯಾವನೋ ಗಡ್ಡದವನು ಹಿಮದಲ್ಲಿ ಕೂತು ಬೆಂಕಿ ಹೊತ್ತಿಸುವುದನ್ನು ನೋಡುತ್ತಾ ಊಟ ಮಾಡುತ್ತಿದ್ದರು. ಮಂಡ್ಯದಲ್ಲಿ ಹಿಮ ಯಾವಾಗ ಬೀಳುತ್ತದೆ ಎಂದು ನಾನು ಕೇಳಿದರೆ, "ನಿಂಗ್ ಗೊತ್ತಾಗಕಿಲ್ಲ ಬುಡು" ಎಂದು ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದರು.

ಹೀಗೆ ಮನೆಗೆ ಬಾಕ್ಸುಗಳು ಬರತೊಡಗಿದವು. ಎಲ್ಲ ಮೈಮೇಲೆ ಹಾಕಿಕೊಳ್ಳುವ ಸಾಮಾನುಗಳೇ. ಮೊದಲು ಬಂದದ್ದು ಒಂದು ಬೆಲ್ಟು. ಅದರ ಬಕಲ್ ಬಿಚ್ಚಿದರೆ ಒಳಗೆ ಇಕ್ಕುಳ, ಚಾಕು, ಗರಗಸ, ಸ್ಕ್ರೂಡ್ರೈವರ್ ಮಡಚಿಕೊಂಡು ಕೂತಿದ್ದವು. ನನ್ನ ತಮ್ಮನ ಮಗುವಿನ ನಾಮಕರಣದ ದಿನ ಎಲ್ಲರ ಮುಂದೆ ಸೊಂಟದಿಂದ ಬೆಲ್ಟು ಬಿಚ್ಚಿ ಅದರಲ್ಲಿ ತೆಂಗಿನಕಾಯಿಯ ಜುಟ್ಟು ಕತ್ತರಿಸಿದರು. ಬೆಲ್ಟು ಬಿಚ್ಚಿದ್ದಕ್ಕೆ ಪ್ಯಾಂಟು ಜಾರಿತು. ನಾನು ನಾಚಿಕೆಯಿಂದ ಅಡುಗೆಮನೆ ಸೇರಿಕೊಂಡೆ.

ಆಮೇಲೆ ಬಂದದ್ದು ಕೈಪಟ್ಟಿ. ನೋಡಲಿಕ್ಕೆ ಜಡೆ ಹೆಣೆದಂತೆ ಹೆಣೆದ ಕಪ್ಪು ಹಗ್ಗ, ಮೂರು ಬೆರಳಗಲ. ಬಿಚ್ಚಿದರೆ ಎರಡು ಮಾರಿನಷ್ಟು ಹಗ್ಗ ಸಿಗುತ್ತದೆ. ಎಮ್ಮೆ ಕಟ್ಟಿದರೂ ಕಿತ್ತು ಹೋಗುವುದಿಲ್ಲ ಎಂದು ಅವರ ಖಾತರಿ. ಅದರ ಬಕಲ್ಲಿನಲ್ಲಿ ಕಿರುಬೆರಳಿನಷ್ಟು ಒಂದು ವಿಷಲ್, ಬೆಂಕಿಯ ಕಿಡಿ ಹಾರಿಸುವ ಒಂದು ಕಲ್ಲು. ಒಂದನ್ನು ತಾವು ಕಟ್ಟಿಕೊಂಡು ಇನ್ನೊಂದನ್ನು ನನ್ನ ಕೈಗೆ ಕಟ್ಟಿದರು. ನಾನು ಪಿಯು ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುವವಳು. ಬಳೆಯ ಪಕ್ಕದಲ್ಲಿ ಈ ಹಗ್ಗ ಕಟ್ಟಿಕೊಂಡು ಹೋದರೆ ಜೊತೆಯವರು ಸುಮ್ಮನಿರುತ್ತಾರೆಯೇ? ಭಾನುವಾರ ಮಾತ್ರ ಕಟ್ಟಿಕೊಳ್ಳುತ್ತೇನೆ ಎಂದು ಒಪ್ಪಂದ ಮಾಡಿಕೊಂಡೆ.

"ಮೂರು ಸಲ ಊದ್ಬೇಕು. ಪ್ರಪಂಚದಲ್ಲಿ ಎಲ್ಲೇ ಆಗ್ಲಿ, ಮೂರು ಸಲ ವಿಷಲ್ ಊದುದ್ರೆ ಯಾರೋ ಕಷ್ಟದಲ್ಲವ್ರೆ ಅಂತ ಅರ್ಥ. ಜನ ಓಡ್ಬತ್ತಾರೆ" ಎಂದರು.

"ಅಡುಗೆಮನೇಲಿ ಊದುದ್ರೂ ಬತ್ತೀರಾ?" ಎಂದೆ.

ಡಿಸೆಂಬರಿನ ಒಂದು ಭಾನುವಾರ ಇದನ್ನೆಲ್ಲ ಪರೀಕ್ಷೆ ಮಾಡಲು ಹೊರಟರು. ಮಗಳು ನಯನ ಕೆರಗೋಡಿನಲ್ಲಿ ಅಜ್ಜಿಯ ಜೊತೆ ಇದ್ದಳು. ಈ ಮನುಷ್ಯನನ್ನು ಒಬ್ಬರನ್ನೇ ಕಳಿಸಲು ಧೈರ್ಯವಾಗದೆ ನಾನೂ ಕಾರು ಹತ್ತಿದೆ. ಮದ್ದೂರು, ಮಳವಳ್ಳಿ, ಹಲಗೂರು ದಾಟಿ, ಟಾರು ಮುಗಿದು, ಸಿದ್ದನದೊಡ್ಡಿ ಎಂಬ ಪುಟ್ಟ ಊರು ಸಿಕ್ಕಿತು. ಊರಿನ ಹಿಂದೆ ಕೋಡುಗಲ್ಲು ಬೆಟ್ಟ, ಅದರಾಚೆ ಕಾಡು. ಊರಿಗೂ ಬೆಟ್ಟಕ್ಕೂ ನಡುವೆ ರಾಗಿ ಹೊಲಗಳು. ಅರ್ಧ ಕೊಯ್ಲಾಗಿತ್ತು, ಅರ್ಧ ಇನ್ನೂ ನಿಂತಿತ್ತು. ಊರ ಬಾಗಿಲಲ್ಲೇ ನಾಗಯ್ಯ ಎಂಬುವರ ಅಂಗಡಿ. ಕಾರನ್ನು ಅಲ್ಲಿ ನಿಲ್ಲಿಸಿ ಟೀ ಕುಡಿದೆವು.

"ಒತ್ತು ಮುಳುಗಕ್ ಮುಂಚೆ ಇಳ್ದುಬುಡಿ ಸಾ. ರಾಗಿ ತೆನೆ ವಾಸ್ನೆಗೆ ಆನೆ ಬತ್ತಾವೆ" ಎಂದರು ನಾಗಯ್ಯ.

"ಅಷ್ಟೊತ್ತಿಗೆ ಮನೇಲಿರ್ತೀವಿ ಬುಡಿ" ಎಂದು ಇವರು ಬೆಲ್ಟು ಬಿಗಿದುಕೊಂಡರು.

ಹತ್ತುವಾಗ ಏನೂ ಆಗಲಿಲ್ಲ. ತುದಿಯಲ್ಲಿ ಕೂತು ಚಿತ್ರಾನ್ನ ತಿಂದೆವು. ಅವರು ಒಣಹುಲ್ಲಿಗೆ ಕಿಡಿ ಹಾರಿಸಲು ನೋಡಿದರು, ಬೆಟ್ಟಕ್ಕೇ ಬೆಂಕಿ ಬೀಳುತ್ತದೆ ಎಂದು ನಾನು ಬೈದು ಬಿಡಿಸಿದೆ. ಇಳಿಯುವಾಗ ಬಂದ ದಾರಿಯಲ್ಲೇ ಹೋಗೋಣ ಎಂದೆ. ಬಂದ ದಾರಿಯಲ್ಲಿ ಹೋದರೆ ಪರೀಕ್ಷೆ ಏನಾಯಿತು? ಅವರು ಊರಿನ ಕಡೆಗೆ ಮುಖ ಮಾಡಿದ್ದ ಬಂಡೆಯ ಮೇಲಿಂದ ಅಡ್ಡ ಹೊರಟರು. ಬಿಸಿಲು ಆಗಲೇ ಹಳದಿಯಾಗಿತ್ತು. ಬಂಡೆಯ ಇಳಿಜಾರಿನಲ್ಲಿ ಒಂದು ಪದರ ಕಲ್ಲು ಬಿಟ್ಟುಕೊಂಡು ನಿಂತಿತ್ತೋ ಏನೋ, ಅದರ ಮೇಲೆ ಕಾಲಿಟ್ಟರು. ಕಲ್ಲೂ ಅವರೂ ಒಟ್ಟಿಗೆ ಜಾರಿದ್ದನ್ನು ನೋಡಿದೆ. ಕೂಗಲೂ ಇಲ್ಲ ಅವರು. ಮೈ ಬಂಡೆಗೆ ಉಜ್ಜಿದ ಸದ್ದು, ಆಮೇಲೆ ಏನೋ ಮುರಿದ ಸದ್ದು, ಆಮೇಲೆ ಆ ಕಲ್ಲು ಬಹಳ ಕೆಳಗೆ ಎಲ್ಲೋ ಬಿದ್ದು ಒಡೆದ ಸದ್ದು ಕೇಳಿಸಿತು.

ನಾನು ಮಲಗಿಕೊಂಡೇ ಅಂಚಿಗೆ ತೆವಳಿ ಬಗ್ಗಿ ನೋಡಿದೆ. ಒಂದೂವರೆ ಆಳಿನಷ್ಟು ಕೆಳಗೆ, ಹಾಸಿಗೆಯಗಲದ ಒಂದು ಚಾಚುಗಲ್ಲಿನ ಮೇಲೆ ಬಿದ್ದಿದ್ದರು. ಆ ಕಲ್ಲೂ ಹೊರಕ್ಕೆ ವಾಲಿತ್ತು. ಅದರಾಚೆಗೆ ಮರಗಳ ತಲೆ ಕಾಣುತ್ತಿತ್ತು. ಎಡಗಾಲು ಮೊಣಕಾಲಿನ ಕೆಳಗೆ ಯಾವ ಕಾಲೂ ತಿರುಗಬಾರದ ಕಡೆಗೆ ತಿರುಗಿತ್ತು.

"ಅಲ್ಲಾಡ್ಬೇಡಿ! ಅಲ್ಲಾಡ್ಬೇಡಿ ರೀ!" ಎಂದು ಕಿರುಚಿದೆ.

"ಜಾರ್ತಾ ಇವ್ನಿ ಕಣೇ" ಎಂದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ, ನಮ್ಮ ಮನೆಯಲ್ಲಿ ಗುಡುಗುವ ಆ ಗಂಟಲು ಇದೇನಾ ಎನಿಸಿತು. "ಅಗ್ಗ ಬುಡು. ನಿನ್ ಕೈದು."

ಕೈಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದೆ. ಅವರು ಹೇಳಿಕೊಟ್ಟಿದ್ದರು, ಒಂದು ತುದಿ ಎಳೆದರೆ ತಾನೇ ಬಿಚ್ಚಿಕೊಳ್ಳುತ್ತದೆ ಎಂದು. ತಾನೇ ಬಿಚ್ಚಿಕೊಳ್ಳಲಿಲ್ಲ, ಉಗುರು ಕಿತ್ತುಹೋಯಿತು. ಕೊನೆಗೆ ಹಗ್ಗ ಇಳಿಬಿಟ್ಟೆ. ಅವರು ಅದನ್ನು ಬೆಲ್ಟಿನ ಹಿಂದಕ್ಕೆ ಸಿಕ್ಕಿಸಿ ಗಂಟು ಹಾಕಿಕೊಂಡರು. ಬೆಲ್ಟು ಸೊಂಟದಲ್ಲಿರುವಂತೆಯೇ ಬಕಲ್ಲಿನ ಚಾಕು ತೆಗೆದು, ಪ್ಯಾಂಟು ಹರಿದು ಆ ಬಟ್ಟೆಯನ್ನು ಕಾಲಿಗೆ ಬಿಗಿದುಕೊಂಡರು. ಆ ಬೆಲ್ಟನ್ನು ನಾನು ಎಷ್ಟು ಆಡಿಕೊಂಡಿದ್ದೆ. ಅದು ತನ್ನ ಕೆಲಸ ಮಾಡಿತು, ಇಲ್ಲ ಎನ್ನುವುದಿಲ್ಲ.

ಆದರೆ ಮೇಲಿನ ತುದಿಯನ್ನು ಕಟ್ಟಲು ಏನೂ ಇರಲಿಲ್ಲ. ಸುತ್ತ ಬೋಳು ಬಂಡೆ. ಒಂದು ಗಿಡ ಹಿಡಿದು ಎಳೆದು ನೋಡಿದೆ, ಬುಡಸಮೇತ ಕೈಗೆ ಬಂತು. ಉಳಿದ ಹಗ್ಗವೂ ಮೊಳ ಇದ್ದರೆ ಹೆಚ್ಚು. ಮುಂಗೈಗೆ ನನ್ನ ವೇಲು ಸುತ್ತಿ, ಅದರ ಮೇಲೆ ಹಗ್ಗ ಸುತ್ತಿಕೊಂಡು, ಬಂಡೆಯ ಒಂದು ಉಬ್ಬಿಗೆ ಎರಡು ಕಾಲನ್ನೂ ಒತ್ತಿ ಹಿಂದಕ್ಕೆ ವಾಲಿ ಕೂತೆ. ಅವರು ಎಚ್ಚರವಾಗಿದ್ದು ಕೈಯೂರಿಕೊಂಡಿದ್ದರೆ ಹಗ್ಗ ಸಡಿಲ. ತಲೆ ಸುತ್ತಿ ಕೈ ಬಿಟ್ಟರೆ ಅರ್ಧ ಭಾರ ನನ್ನ ಮೇಲೆ. ನಾನು ಎದ್ದು ಊರಿಗೆ ಓಡಿದರೆ ಹಗ್ಗ ಹಿಡಿಯುವವರಿಲ್ಲ. ಓಡದಿದ್ದರೆ ಊರಿಗೆ ತಿಳಿಯುವುದಿಲ್ಲ. ಅವರ ಫೋನು ಕಲ್ಲಿನ ಜೊತೆಗೇ ಹೋಗಿತ್ತು. ನನ್ನದರಲ್ಲಿ ಬೆಟ್ಟ ಹತ್ತಿದಾಗಿನಿಂದ ಸಿಗ್ನಲ್ಲೇ ಇರಲಿಲ್ಲ.

"ವಿಷಲ್ ಊದು" ಎಂದರು ಕೆಳಗಿನಿಂದ. "ಮೂರು ಸಲ."

ವಿಷಲ್ಲಿದ್ದ ಬಕಲ್ಲು ನನ್ನ ಕೈಯಲ್ಲಿದ್ದ ಹಗ್ಗದ ತುದಿಯಲ್ಲೇ ಇತ್ತು. ಹಲ್ಲಿನಲ್ಲಿ ಕಚ್ಚಿಕೊಂಡು ಊದಿದೆ. ಅಷ್ಟು ಸಣ್ಣ ಸಾಮಾನಿಗೆ ಅಷ್ಟು ದೊಡ್ಡ ದನಿ ಇರಬಹುದೆಂದು ಗೊತ್ತಿರಲಿಲ್ಲ. ನನ್ನ ಕಿವಿಯೇ ಗುಯ್‌ಗುಟ್ಟಿತು. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ ಊದಿದೆ.

ಕೆಳಗೆ ರಾಗಿ ಹೊಲದಲ್ಲಿ ಕೊಯ್ಯುತ್ತಿದ್ದ ಹೆಂಗಸರು ತಲೆ ಎತ್ತಿದರು. ಒಬ್ಬಳು ಬೆಟ್ಟದ ಕಡೆಗೆ ಕೈ ತೋರಿಸಿದಳು. "ಕೇಳುಸ್ತು ಕಣ್ರೀ! ನೋಡುದ್ರು! ಬತ್ತಾವ್ರೆ!" ಎಂದು ಕೂಗಿದೆ. ಅವರು ಕುಡುಗೋಲು ಎತ್ತಿಕೊಂಡು ಓಡತೊಡಗಿದರು. ಓಡಿದ್ದು ಊರಿನ ಕಡೆಗೆ. ಹೇಳಲು ಹೋಗುತ್ತಿದ್ದಾರೆ, ಗಂಡಸರನ್ನು ಕರೆತರುತ್ತಾರೆ ಎಂದುಕೊಂಡೆ. ಇನ್ನಷ್ಟು ಜೋರಾಗಿ ಊದಿದೆ. ಮೇಯುತ್ತಿದ್ದ ದನಗಳನ್ನು ಯಾರೋ ದಡಬಡನೆ ಹೊಡೆದುಕೊಂಡು ಹೋದರು. ಬೀದಿಯಲ್ಲಿದ್ದ ಮಕ್ಕಳನ್ನು ರೆಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ಬಾಗಿಲುಗಳು ಮುಚ್ಚಿಕೊಂಡ ಸದ್ದು ಬೆಟ್ಟದ ಮೇಲಿನವರೆಗೂ ಬಂತು.

ಆಗ ಸೂರ್ಯ ಮುಳುಗಿ ಇನ್ನೂ ಬೆಳಕಿತ್ತು. ಊರಲ್ಲಿ ದೀಪಗಳು ಆಗತಾನೇ ಹತ್ತಿದ್ದವು. ನಾನು ಊದುತ್ತಿದ್ದಂತೆ ಒಂದೊಂದಾಗಿ ಆರತೊಡಗಿದವು. ಊದುತ್ತೇನೆ, ಒಂದು ಮನೆ ಆರುತ್ತದೆ. ಮತ್ತೆ ಊದುತ್ತೇನೆ, ಇನ್ನೊಂದು ಆರುತ್ತದೆ. ಇದೆಂಥ ಊರಪ್ಪ, ಕಲ್ಲೆದೆಯವರು, ಸಾಯುವವರು ಕೂಗಿದರೆ ಬಾಗಿಲು ಹಾಕಿಕೊಳ್ಳುತ್ತಾರಲ್ಲ ಎಂದು ಬಾಯಿಗೆ ಬಂದಂತೆ ಶಪಿಸಿದೆ.

ಆಮೇಲೆ ಊರ ಮಾರಮ್ಮನ ಗುಡಿಯ ಮೈಕು ಗೊರಗೊರ ಎಂದಿತು. ದನಿ ಅಂಗಡಿಯ ನಾಗಯ್ಯನದು.

"ಎಲ್ರೂ ಕೇಳುಸ್ಕಳಿ, ಎಲ್ರೂ ಕೇಳುಸ್ಕಳಿ. ಬೆಟ್ಟದ್ ಮೊಗ್ಲಲ್ಲಿ ಆನೆ ಇಳ್ದವೆ. ಕಾವಲ್ನೋರು ವಿಷಲ್ ಊದ್ತಾ ಅವ್ರೆ. ಯಾರೂ ಆಚ್ಗೆ ಬರ್‌ಬ್ಯಾಡಿ. ಲೈಟ್ ಆರುಸ್ಕಳಿ. ದೊಡ್ಡಿಲಿರೋ ದನ ಒಳೀಕ್ ಕಟ್ಕಳಿ."

ವಿಷಲ್ ನನ್ನ ಬಾಯಿಂದ ಜಾರಿತು. ರಾಗಿ ಕಾಯುವವರು ಅಟ್ಟಣೆಯ ಮೇಲೆ ಕೂತು ಆನೆ ಕಂಡರೆ ಊದುವುದು ವಿಷಲ್ಲನ್ನೇ. ಆ ಊರಿಗೆ ವಿಷಲ್ ಎಂದರೆ ಒಳಗೆ ಹೋಗಿ ಎಂದು. ನಾನು ಎಷ್ಟು ಊದಿದೆನೋ ಅಷ್ಟು ಅವರನ್ನು ಮನೆಯೊಳಗೆ ತಳ್ಳಿದ್ದೆ.

ಮೈಕು ಮುಗಿದಿರಲಿಲ್ಲ. "ಬೆಟ್ಟಕ್ ಓಗಿರೋ ಮಂಡ್ಯದ ಸಾರು, ಅಮ್ಮಾರು, ನೀವು ಎದುರ್ಕಬ್ಯಾಡಿ. ಅಲ್ಲೇ ಯಾವ್ದಾರ ಎತ್ರದ್ ಬಂಡೆ ಮ್ಯಾಲೆ ಕೂತ್ಕಳಿ. ಕೆಳೀಕ್ ಇಳೀಬ್ಯಾಡಿ. ಸದ್ದು ಮಾಡ್ಬ್ಯಾಡಿ. ಬೆಳ್ಗಾಗ್ತಲೂ ನಾವೇ ಬಂದ್ ಕರ್ಕಂಡ್ ಬತ್ತೀವಿ."

ಎಷ್ಟು ಕಾಳಜಿ! ನಮ್ಮನ್ನು ಅವರು ಮರೆತಿರಲಿಲ್ಲ. ಬೆಳಗಾಗುವವರೆಗೆ ಬಂಡೆಯ ಮೇಲೆ ಸುಮ್ಮನೆ ಕೂತಿರಿ ಎಂದು ಒಳ್ಳೆಯ ಮನಸ್ಸಿನಿಂದ ಹೇಳುತ್ತಿದ್ದರು. ಕೈಪಟ್ಟಿಯ ಹಗ್ಗ ವೇಲನ್ನು ಕೊಯ್ದು ಚರ್ಮಕ್ಕೆ ಇಳಿಯುತ್ತಿತ್ತು.

"ನಾಗಯ್ಯಾ! ಆನೆ ಅಲ್ಲ! ನಾವು! ಬಿದ್ದೋಗವ್ರೆ! ಬನ್ನೀ!" ಎಂದು ಕಿರುಚಿದೆ. ಅಷ್ಟರಲ್ಲಿ ಊರಿನಿಂದ ಪಟಾಕಿ ಸಿಡಿಯತೊಡಗಿತು. ತಗಡು ಬಡಿದರು, ತಮಟೆ ಬಡಿದರು. ಇಲ್ಲದ ಆನೆಯನ್ನು ಓಡಿಸುತ್ತಿದ್ದರು. ಆ ಗದ್ದಲದಲ್ಲಿ ನನ್ನ ಮಾತು ಬೆಟ್ಟದ ಅರ್ಧಕ್ಕೂ ಇಳಿದಿರಲಾರದು.

"ಬೆಂಕಿ ಹಾಕು" ಎಂದರು ಅವರು. ಮಾತು ತೊದಲುತ್ತಿತ್ತು.

"ಯಾವ ಕೈಲಿ ಹಾಕ್ಲಿ? ಸುತ್ತ ಒಣಹುಲ್ಲು ಅದೆ, ಇಬ್ರೂ ಬೇಯ್ತೀವಿ."

ಪಟಾಕಿ ನಿಂತಿತು. ಕಾದು ನೋಡುತ್ತಿದ್ದರು ಅಂತ ಕಾಣುತ್ತದೆ. ಇನ್ನೊಮ್ಮೆ ಕೂಗಿದೆ. ಮಾತು ಮಾತಾಗಿ ಹೋಗುತ್ತಿರಲಿಲ್ಲ, ಬರೀ ಹಾ ಹೂ ಎಂದು ಗಾಳಿಯಲ್ಲಿ ಚದುರುತ್ತಿತ್ತು. ಆನೆ ಓಡಿಸುವವರು ಕೂಡ ಹೀಗೇ ಕೂಗುತ್ತಾರೆ. ಅದಕ್ಕೆ ಉತ್ತರವಾಗಿ ಊರಿನಿಂದ ಯಾರೋ "ಓಯ್… ಓಯ್…" ಎಂದು ಧೈರ್ಯ ಹೇಳಿದರು.

ಬೆಳಕು ಕಡಿಮೆಯಾಗುತ್ತಿತ್ತು. ಅವರ ಮುಖ ಈಗ ಬಿಳಿ ಕಲೆಯಂತೆ ಮಾತ್ರ ಕಾಣುತ್ತಿತ್ತು.

"ರೂಪಾ."

"ಹೂಂ."

"ಅಳು."

"ಏನು?"

"ಅವ್ವ ಅಪ್ಪಂಗೆ ಅತ್ಲಲ್ಲ, ಅಂಗೆ ಅಳು. ಸಾವಿನ್ ಅಳು ಕೇಳುದ್ರೆ ಯಾರೂ ಮನೇಲಿರಲ್ಲ."

ನನಗೆ ಉರಿದುಹೋಯಿತು. "ಬಾಯ್ ಮುಚ್ಕಳಿ. ಬುಡ್ತು ಅನ್ನಿ. ಬುಡ್ತು ಅನ್ರೀ ಮೊದ್ಲು!"

"ಬುಡ್ತು" ಎಂದರು. ನಗಲು ನೋಡಿ ನೋವಿಗೆ ನರಳಿದರು.

ಅವರು ಹೇಳಿದ್ದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಕಡೆ ಹೆಂಗಸರು ಸಾವಿಗೆ ಸುಮ್ಮನೆ ಅಳುವುದಿಲ್ಲ, ರಾಗ ಹಿಡಿದು ಅಳುತ್ತಾರೆ. ಸತ್ತವರ ಗುಣ, ಮಾಡಿದ್ದು, ಮಾಡದೆ ಬಿಟ್ಟದ್ದು, ಎಲ್ಲ ಆ ರಾಗದಲ್ಲಿ ಬರುತ್ತದೆ. ನನ್ನ ಮಾವ ಮಾದಯ್ಯನವರು ತೀರಿಕೊಂಡಾಗ ಅತ್ತೆ ಬೆಟ್ಟಮ್ಮ ಹಟ್ಟಿಯಲ್ಲಿ ಕೂತು ಅತ್ತದ್ದು ಕಬ್ಬಿನ ಗದ್ದೆಗಳ ಆಚೆ ಪಕ್ಕದೂರಿಗೆ ಕೇಳಿಸಿತ್ತಂತೆ. ಮಾತು ತಿಳಿಯಬೇಕಾಗಿಲ್ಲ, ರಾಗ ಕೇಳಿದರೆ ಸಾಕು. ಕುಯ್ಯುವ ಕುಡುಗೋಲನ್ನು ಅಲ್ಲೇ ಬಿಟ್ಟು ಜನ ಹೊರಡುತ್ತಾರೆ.

ಆದರೆ ಬದುಕಿರುವ ಗಂಡನಿಗೆ? ಹಣೆಯಲ್ಲಿ ಕುಂಕುಮ ಇಟ್ಟುಕೊಂಡು, ಕಣ್ಣೆದುರಿಗೆ ಉಸಿರಾಡುತ್ತಿರುವವರಿಗೆ? ನಾನು ಪದವಿ ಓದಿದವಳು. ಬೆಕ್ಕು ಅಡ್ಡ ಬಂದರೆ ನಿಲ್ಲುವವಳಲ್ಲ. ರಾಹುಕಾಲ ನೋಡುವವಳಲ್ಲ. ಆದರೂ ಬಾಯಿ ತೆರೆಯಲಿಲ್ಲ. ಅತ್ತರೆ ಆಗಿಬಿಡುತ್ತದೆ, ನಾನೇ ಬಾಯಾರೆ ಕರೆದಂತಾಗುತ್ತದೆ ಎನಿಸಿತು. ಮತ್ತೆ ವಿಷಲ್ ಕಚ್ಚಿಕೊಂಡು ಊದಿದೆ. ಅದರಿಂದ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಊದಿದೆ. "ಇನ್ನೂ ಓಗಿಲ್ಲ ಕಣ್ರಪ್ಪೋ, ಒಳ್ಗೇ ಇರಿ" ಎಂದಿತು ಮೈಕು.

ಆಗ ಹಗ್ಗ ಬಿಗಿಯಿತು. ಒಂದೇ ಸಲಕ್ಕೆ ಭಾರ ಬಂದು ನನ್ನನ್ನು ಮುಂದಕ್ಕೆ ಜಗ್ಗಿತು. ಕಾಲು ಬಂಡೆಯ ಉಬ್ಬಿಗೆ ಒತ್ತಿಕೊಂಡಿರದಿದ್ದರೆ ನಾನೂ ಹೋಗುತ್ತಿದ್ದೆ.

"ರೀ! ರೀ! ಕೈ ಊರ್ಕಳಿ ರೀ!"

ಉತ್ತರವಿಲ್ಲ. ಹಗ್ಗ ಕಂಪಿಸುತ್ತಲೂ ಇರಲಿಲ್ಲ, ಸುಮ್ಮನೆ ಭಾರವಾಗಿತ್ತು. ನೀರು ತುಂಬಿದ ಕೊಡ ಬಾವಿಯ ಹಗ್ಗದಲ್ಲಿ ನಿಂತಂತೆ. ಬಗ್ಗಿ ನೋಡುವ ಹಾಗಿಲ್ಲ, ಬಗ್ಗಿದರೆ ಇಬ್ಬರೂ ಜಾರುತ್ತೇವೆ. ಬದುಕಿದ್ದಾರೋ ಇಲ್ಲವೋ ತಿಳಿಯುವ ಯಾವ ದಾರಿಯೂ ನನಗಿರಲಿಲ್ಲ.

ವಿಷಲ್ಲನ್ನು ಉಗಿದೆ. ಬಾಯಿ ತೆರೆದೆ.

"ಅಯ್ಯಯ್ಯೋ…" ಎಂದೆ. ಸುಳ್ಳಾಗಿತ್ತು ಅದು. ನಾಟಕದವರ ಹಾಗೆ ಅರ್ಧಕ್ಕೆ ಒಡೆಯಿತು. ಆ ಪಾಳು ಬೆಟ್ಟದಲ್ಲೂ ನನಗೆ ನಾಚಿಕೆಯಾಯಿತು. ಎರಡನೆಯ ಸಲ ಅತ್ತೆಯ ರಾಗ ನೆನಪು ಮಾಡಿಕೊಂಡೆ. ಅವರು ಮೊದಲು ದನಿಯನ್ನು ಮೇಲಕ್ಕೆ ಎತ್ತಿ ಅಲ್ಲೇ ನಿಲ್ಲಿಸಿಕೊಂಡು, ಉಸಿರು ಮುಗಿಯುವ ಹೊತ್ತಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಿದ್ದರು.

"ಅಯ್ಯಯ್ಯೋ ನನ್ನಪ್ಪಾ… ಎದ್ದೇಳೋ ನನ್ ದೊರೇ… ಬೆಟ್ಟುಕ್ ಬಾ ಅಂತ ಕರ್ಕಂಡ್ ಬಂದು ಒಬ್ಳುನ್ನೇ ಬುಟ್ಯಲ್ಲೋ…"

ಮೂರನೆಯ ಸಲಕ್ಕೆ ಅದು ನನ್ನ ಕೈ ತಪ್ಪಿತು. ಎಲ್ಲಿಂದ ಬಂತೋ ತಿಳಿಯದು. ಹುಟ್ಟಿದಾಗಿನಿಂದ ಎಷ್ಟೋ ಹಟ್ಟಿಗಳ ಮುಂದೆ ನಿಂತು ಕೇಳಿದ್ದೆಲ್ಲ ಗಂಟಲಲ್ಲಿ ಕೂತಿತ್ತೋ ಏನೋ.

"ಅಂಗ್ಡಿ ಬಾಗ್ಲು ತೆಗ್ಯೋರ್ ಯಾರೋ ನನ್ನಪ್ಪಾ… ನಯನೀ ಜಡೆ ಎಳ್ದು ಅಳ್ಸೋರ್ ಯಾರೋ… ಬಾಕ್ಸು ಬಾಕ್ಸು ತರುಸ್ದಲ್ಲೋ, ಮೈಮ್ಯಾಲೆಲ್ಲ ಕಟ್ಕೊಂಡ್ಯಲ್ಲೋ… ನಾನ್ ನಕ್ಕಿದ್ದೆಲ್ಲ ನಗು ಅಲ್ವಲ್ಲೋ… ನಾನ್ ಬೈದಿದ್ದೆಲ್ಲ ಬೈಗ್ಳ ಅಲ್ವಲ್ಲೋ… ನೀನಿಲ್ದಿದ್ ಮನ್ಗೆ ನಾನ್ ಎಂಗ್ ಓಗ್ಲೋ…"

ಗಂಡನನ್ನು ನಾನು ‘ನೀನು’ ಎಂದು ಕರೆದದ್ದು ಅದೇ ಮೊದಲು. ಮದುವೆಯಾದಾಗಿನಿಂದ ಪ್ರೀತಿಸುತ್ತೇನೆ ಎಂಬ ಮಾತನ್ನು ಒಂದು ಸಲವಾದರೂ ಆಡಿದವಳಲ್ಲ. ನಮ್ಮಲ್ಲಿ ಯಾರು ಆಡುತ್ತಾರೆ? ಅದೆಲ್ಲ ಈಗ ಬೆಟ್ಟದ ಮೇಲಿಂದ ಊರಿಗೇ ಕೇಳುವಂತೆ ಬರುತ್ತಿತ್ತು. ನಾನು ಜನರನ್ನು ಕರೆಯುತ್ತಿದ್ದೇನೆ ಎಂಬುದೇ ಮರೆತುಹೋಯಿತು. ಅವರು ಸತ್ತಿದ್ದಾರೆ ಎಂದೇ ಅಳುತ್ತಿದ್ದೆ. ಹಗ್ಗ ಮಾತ್ರ ಬಿಡಲಿಲ್ಲ. ಸತ್ತಿದ್ದರೂ ಕೆಳಗೆ ಬೀಳಲು ಬಿಡುವುದಿಲ್ಲ ಎಂದು ಹಟ ಬಂದಿತ್ತು.

ಊರಿನಲ್ಲಿ ತಮಟೆ ನಿಂತಿತು. ತಗಡೂ ನಿಂತಿತು. ನಾನು ಉಸಿರು ಎಳೆದುಕೊಳ್ಳುವ ನಡುವೆ ಇಡೀ ಬಯಲು ನಿಶ್ಶಬ್ದವಾಗಿ ಕೇಳಿಸಿಕೊಳ್ಳುತ್ತಿರುವುದು ಗೊತ್ತಾಗುತ್ತಿತ್ತು. ಒಂದು ಮನೆಯಲ್ಲಿ ದೀಪ ಹತ್ತಿತು. ಬಾಗಿಲು ತೆರೆದ ಚೌಕ ಕಂಡಿತು. ಆಮೇಲೆ ಇನ್ನೊಂದು. ಆಮೇಲೆ ಬೀದಿಯುದ್ದಕ್ಕೂ ಹತ್ತಿದವು. ಮೈಕಿನಲ್ಲಿ ನಾಗಯ್ಯನ ದನಿ ಬಂತು, ಈ ಸಲ ಊರಿಗಲ್ಲ, ಪಕ್ಕದಲ್ಲಿದ್ದವರಿಗೆ ಹೇಳಿದಂತೆ, "ಎಣ್ಮಗ ಅಳ್ತಾ ಅದೆ ಕಣ್ರಲಾ. ಯಾರೋ ಓದ್ರು."

ಟ್ರಾಕ್ಟರಿನ ಎರಡು ದೀಪ ಹೊಲದ ಮೇಲೆ ಕುಪ್ಪಳಿಸುತ್ತಾ ಬಂದವು. ಅದರ ಹಿಂದೆ ಬ್ಯಾಟರಿಗಳು, ಪಂಜುಗಳು. ನಾನು ಅಳು ನಿಲ್ಲಿಸಲಿಲ್ಲ. ಅದೇ ಅವರಿಗೆ ದಾರಿ. ಬಂಡೆಯ ಬುಡದಿಂದ ಯಾರೋ, "ಎಲ್ಲಿದ್ದೀಯವ್ವಾ, ಇನ್ನೊಂದಪ ಅಳವ್ವಾ" ಎಂದು ಕೂಗಿದರು. ಮತ್ತೆ ರಾಗ ಎತ್ತಿದೆ. ಟ್ರಾಕ್ಟರು ಓಡಿಸಿಕೊಂಡು ಬಂದಿದ್ದ ದೇವರಾಜು ಎಂಬ ಗಟ್ಟಿ ಹುಡುಗ ನನ್ನ ಹಿಂದಿನಿಂದ ಬಂದು ಹಗ್ಗಕ್ಕೆ ಕೈ ಹಾಕಿದ. ಭಾರ ನನ್ನ ಕೈಯಿಂದ ಇಳಿದಾಗ ಬೆರಳು ಬಿಚ್ಚಲೇ ಇಲ್ಲ, ಅವನೇ ಒಂದೊಂದಾಗಿ ಬಿಡಿಸಿದ. ಇಬ್ಬರು ದನದ ಹಗ್ಗ ಕಟ್ಟಿಕೊಂಡು ಕೆಳಗಿಳಿದರು. ನಾನು ಬಂಡೆಗೆ ಹಣೆ ಹಚ್ಚಿ ಮಲಗಿದ್ದೆ. ನೋಡಲು ಧೈರ್ಯವಿರಲಿಲ್ಲ.

ಕೆಳಗೆ ಅವರು ಕಲ್ಲಿನ ಮೇಲೆ ಕಾಲೂರಿದ ಸದ್ದು ಕೇಳಿಸಿತು.

"ಎಣ ಬೆಚ್ಚಗದೆ ಕಣ್ಲಾ" ಎಂದ ಒಬ್ಬ.

"ಎಣ ಅಲ್ಲ ಕಣ್ರಪ್ಪ. ನೀರಿದ್ರೆ ಕೊಡಿ" ಎಂದಿತು ನಮ್ಮ ಮನೆಯ ದನಿ.

ದೇವರಾಜು ಜೋರಾಗಿ ನಕ್ಕುಬಿಟ್ಟ. "ಬದುಕವ್ರೆ ಕಣ್ರಲೋ! ಬದುಕವ್ರೆ!" ಎಂದು ಬೆಟ್ಟದ ಬುಡಕ್ಕೆ ಕೂಗಿ ಹೇಳಿದ. ಕೆಳಗೆ ನಿಂತಿದ್ದವರೆಲ್ಲ ಹೋ ಎಂದರು. ಕಂಬಳಿಗೆ ಬಿದಿರ ಗಳ ಕಟ್ಟಿ ಅದರಲ್ಲಿ ಅವರನ್ನು ಮಲಗಿಸಿಕೊಂಡು ಇಳಿಸಿದರು. ನಾನು ಪಕ್ಕದಲ್ಲಿ ಅವರ ಕೈ ಹಿಡಿದು ನಡೆದೆ. ಕೈ ಬೆಚ್ಚಗಿತ್ತು. ಒಂದು ಕಡೆ ಅವರು ಕಣ್ಣು ಬಿಟ್ಟು, "ಎಲ್ಲಾ ಕೇಳುಸ್ತು ಕಣೇ" ಎಂದರು. ನಾನಿನ್ನೂ ಅಳುತ್ತಿದ್ದೆ. ರಾಗ ನಿಂತಿರಲಿಲ್ಲ. ನಿಲ್ಲಿಸಲು ನೋಡಿದೆ, ಆಗಲಿಲ್ಲ.

ಟ್ರಾಕ್ಟರಿನ ಹತ್ತಿರ ಇಡೀ ಊರು ನಿಂತಿತ್ತು. ಮುದುಕರು, ಕಂಕುಳಲ್ಲಿ ಕೂಸಿದ್ದ ಹೆಂಗಸರು, ಬೆಳಗಿನಿಂದ ಕೊಯ್ದು ಸೊಂಟ ಹಿಡಿದವರು, ಎಲ್ಲ. ಆನೆ ಇಳಿದಿವೆ ಎಂದು ಮೈಕಿನಲ್ಲಿ ಕೇಳಿ ಬಾಗಿಲಿಗೆ ಅಗುಳಿ ಹಾಕಿಕೊಂಡಿದ್ದ ಅದೇ ಜನ. ಆನೆ ಇಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬೆಟ್ಟದ ಬುಡದಲ್ಲಿ ಆನೆ ಇವೆ ಎಂದೇ ತಿಳಿದು ಕತ್ತಲ ಹೊಲದಲ್ಲಿ ಬರಿಗಾಲಲ್ಲಿ ಬಂದಿದ್ದರು. ನಾಗಯ್ಯ ತಲೆಯ ಮೇಲೆ ಟವೆಲ್ ಹಾಕಿಕೊಂಡು, "ಕಾವಲ್ನೋರೇ ಊದ್ತಾ ಅವ್ರೆ ಅಂದ್ಕೊಂಡ್ನಲ್ಲವ್ವಾ" ಎಂದು ಹೇಳಿದ್ದನ್ನೇ ಹೇಳುತ್ತಿದ್ದರು.

ಮಳವಳ್ಳಿಯ ಆಸ್ಪತ್ರೆಗೆ ಹೊರಟಾಗ ಮುದ್ದಮ್ಮ ಎಂಬ ಅಜ್ಜಿ ನನ್ನ ಜೊತೆ ಕಾರು ಹತ್ತಿದರು. ಯಾರೂ ಹತ್ತು ಎಂದಿರಲಿಲ್ಲ. ದೇವರಾಜು ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲೆ, ಕಾಲು ಮುದ್ದಮ್ಮನ ಮಡಿಲಲ್ಲಿ. ಉಸಿರಾಡುವುದು ಕಣ್ಣಿಗೆ ಕಾಣುತ್ತಿತ್ತು. ನಾನು ಅಳುತ್ತಲೇ ಇದ್ದೆ.

"ಅಜ್ಜಿ, ಆನೆ ಅವೆ ಅಂತ ಗೊತ್ತಿತ್ತಲ್ಲ. ಎಂಗ್ ಬಂದ್ರಿ?" ಎಂದು ನಡುವೆ ಹೇಗೋ ಕೇಳಿದೆ.

ಮುದ್ದಮ್ಮ ನನ್ನನ್ನು, ಇದೆಂಥ ಪ್ರಶ್ನೆ ಎಂಬಂತೆ ನೋಡಿದರು. "ಒಬ್ಳೇ ಅಳ್ತಿದ್ಯಲ್ಲ ಕಣಮ್ಮಿ" ಎಂದರು. "ಸಾವಿಗೆ ಒಬ್ಳೇ ಅಳಕಾಯ್ತದಾ?"

"ಬದುಕವ್ರೆ ಅಜ್ಜಿ. ಸತ್ತಿಲ್ಲ."

"ಗೊತ್ತು ಕಣಮ್ಮಿ. ನೋಡ್ದೆ."

ಹಾಗೆಂದು ಅವರ ಮುರಿದ ಕಾಲನ್ನು ಒಂದು ಕೈಯಲ್ಲಿ ಜೋಪಾನವಾಗಿ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ನನ್ನ ಬೆನ್ನು ಸವರುತ್ತಾ, ಅಜ್ಜಿಯೂ ನನ್ನ ಜೊತೆ ಸಣ್ಣ ದನಿಯಲ್ಲಿ ಅಳತೊಡಗಿದರು.